ಸೂಲಂಗಿ ಕೀಳಬೇಕಿಲ್ಲದ ಜೋಳ

ಯವ್ವಾ,

ಮಲ್ಲಟದ ಬೀಜದ ಹೊಲದಿಂದ ನೀನು ಮನೆಗೆ ಬಂದರೆ ಸೆರಗಿನ ತುಂಬ ಹಳದಿ ಪುಡಿ. ಮೆಕ್ಕೆಜೋಳದ ಹೆಣ್ಣು ಸಾಲುಗಳಲ್ಲಿ ಸೂಲಂಗಿಯನ್ನು, ಅಂದರೆ ಗಿಡದ ತುದಿಯ ಗಂಡು ಹೂವನ್ನು, ಪಕ್ಕದ ಗಂಡು ಸಾಲಿನ ಪರಾಗವಷ್ಟೇ ತಾಗಲೆಂದು, ಪರಾಗ ಉದುರಿಸುವ ಮೊದಲೇ ಕಿತ್ತೆಸೆಯುವುದು ನಿಮ್ಮ ಗುಂಪಿನ ಕೆಲಸ. ಗರಿಯ ಅಂಚು ಕೊಯ್ದು ಮೊಳಕೈ ಉರಿಯುತ್ತಿತ್ತು ನಿನಗೆ. ಆ ಕೂಲಿಯಲ್ಲೇ ನಾನು ರಾಯಚೂರಿನಲ್ಲಿ ಓದಿದೆ. ಓದಿ ಹಿಡಿದ ಕೆಲಸ ನೋಡು, ಸೂಲಂಗಿ ಕೀಳುವುದೇ ಬೇಕಿಲ್ಲದ ಜೋಳ ತಯಾರಿಸುವುದು.

ಒಮ್ಮೆ ನಿನ್ನನ್ನು ಪ್ರಯೋಗಾಲಯಕ್ಕೆ ಕರೆದೊಯ್ದು, ಬಣ್ಣ ಹಾಕಿದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದೆ. ಒಳ್ಳೆಯ ಪರಾಗ ಕಪ್ಪಗೆ, ದುಂಡಗಿತ್ತು. ನಮ್ಮ ತಳಿಯದು ಬಿಳುಚಿಕೊಂಡು ಮುದುಡಿತ್ತು.

"ಈ ಪುಡಿಯಾಗ ಜೀವ ಇಲ್ಲೇನು?" ಎಂದೆ ನೀನು.

"ಇಲ್ಲವ್ವಾ. ಆ ಗುಣ ತಾಯಿ ಗಿಡದಿಂದ ಬರ್ತದ."

"ಮತ್ತ ರೈತ ಬಿತ್ತಿದ ಮ್ಯಾಲ ಕಾಳು ಹೆಂಗ ಕಟ್ತಾವ?"

"ಕೆಲವು ತಂದಿ ಗಿಡದಾಗ ಒಂದು ಜೀನ್ ಇರ್ತದ. ಅದು ಕೂಡಿದ್ರ ಮಕ್ಕಳ ಗಿಡದಾಗ ಚಲೋ ಪುಡಿ ತಿರುಗಿ ಹುಟ್ತದ. ಅಂಥಾ ತಂದಿ ಗಿಡಾನ ಹುಡುಕಾಕತ್ತೀವಿ."

"ಹುಡುಕು," ಎಂದು ನಕ್ಕೆ ನೀನು. "ಹೆಣ್ಮಕ್ಕಳ ಮೊಳಕೈ ಉಳೀತಾವ."

ಮೊಳಕೈ ಉಳಿದರೆ ಕೂಲಿ ಹೋಗುತ್ತದೆಂದು ನಿನಗೆ ಹೊಳೆಯಲಿಲ್ಲವೇ? ಹೊಳೆದೂ ಸುಮ್ಮನಿದ್ದೆಯಾ?

ದೇವದುರ್ಗದ ಪ್ರಯೋಗದ ಹೊಲದಲ್ಲಿ ಆಗ ಹಾಕಿದ್ದ ತಂದೆ ತಳಿಯ ಜೀನ್ ನಮ್ಮ ಬಿಸಿಲಿಗೆ ಸೋತಿತು. ಮಕ್ಕಳ ಗಿಡಗಳೂ ಪರಾಗವಿಲ್ಲದೆ ನಿಂತವು. ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು. ಅದೇ ವರ್ಷ ಎದೆನೋವೆಂದು ಮಲಗಿದವಳು ನೀನು ಮತ್ತೆ ಏಳಲಿಲ್ಲ. ನಿನಗೆ ಗೊತ್ತಿರುವುದು ಅಲ್ಲಿಯವರೆಗೆ.

ಈ ಸಲ ಬೇರೆ ತಂದೆ ತಳಿ ಕೂಡಿಸಿದೆವು. ಅದೇ ದೇವದುರ್ಗ, ಅದೇ ಬಿಸಿಲು. ಪರಾಗ ಕಪ್ಪಗೆ ಬಂತು. ತೆನೆ ತುದಿಯವರೆಗೆ ತುಂಬಿತು. ಬರುವ ಹಂಗಾಮಿಗೆ ಇದರ ಬೀಜ ಬೆಳೆಸುವುದು ಮಲ್ಲಟದಲ್ಲೇ.

ಹೊಲದವರು ಹೇಳುವ ಮೊದಲು ನಾನೇ ಹೇಳಬೇಕೆನಿಸಿತು. ನಿನ್ನ ಜೊತೆ ಸಾಲು ಹಿಡಿಯುತ್ತಿದ್ದ ಹನುಮವ್ವನ ಮನೆಗೆ ಹೋದೆ. ಮುಂದಿನ ಸಲ ಸೂಲಂಗಿ ಕೀಳಲು ಯಾರನ್ನೂ ಕರೆಯುವುದಿಲ್ಲ ಎಂದೆ.

"ಮದ್ಲ ಹೇಳಿದಿ, ಚಲೋ ಆತು," ಎಂದಳು ಹನುಮವ್ವ. "ಹತ್ತಿ ಬಿಡಸಾಕ ಈಗಿಂದನ ಮಾತಾಡಿ ಇಡ್ತೀವಿ. ಆದ್ರ ಅದು ಎಲ್ಲಾರಿಗೂ ಸಾಲಂಗಿಲ್ಲ."

ಬಸ್ಸಿಗೆಂದು ಎದ್ದಾಗ ಅವಳೇ ಕೇಳಿದಳು, "ನಿಮ್ಮವ್ವಗ ಹೇಳಿದೇನು?"

ಇಲ್ಲ ಎಂದೆ. ಅದಕ್ಕೇ ಬರೆಯುತ್ತಿದ್ದೇನೆ.