ಯಾರೂ ಇಲ್ಲದ ರಸ್ತೆ

ಬುಸೈತೀನ್, ಫೆಬ್ರವರಿ ೯, ಸೋಮವಾರ

ನನ್ನ ಕೈ ಯಾಕೆ ಸುಮ್ಮನಿರುವುದಿಲ್ಲ?

ಜೊತೆಗೆ ಕೆಲಸ ಮಾಡುವ ಹಲೀನಾಳ ಫೋನ್ ತುಂಬಿಹೋಗಿತ್ತು. ಕ್ಲಿನಿಕ್ಕಿನಲ್ಲಿ ಎಲ್ಲರ ಫೋನೂ ಕ್ಲೀನ್ ಮಾಡಿಕೊಡುವವಳು ನಾನೇ ಅಲ್ಲವಾ, ಅವಳದ್ದನ್ನೂ ತೆಗೆದುಕೊಂಡೆ. ಅದರಲ್ಲಿ ಹನ್ನೊಂದು ನಿಮಿಷದ ಒಂದು ವಿಡಿಯೋ. ಬರೀ ಮಣ್ಣಿನ ರಸ್ತೆ, ಒಂದು ನರಪಿಳ್ಳೆಯೂ ಇಲ್ಲ. ನಮ್ಮೂರಲ್ಲಿ ವಿಡಿಯೋ ಅಂದರೆ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್, ಮದುವೆ, ಕೇಕು, ಮುಖಗಳಿರಬೇಕು. ಅಪ್ಪಿತಪ್ಪಿ ರೆಕಾರ್ಡ್ ಆದದ್ದು ಅಂದುಕೊಂಡು, ಓಡಿಸಿ ಓಡಿಸಿ ನೋಡಿ ಡಿಲೀಟ್ ಮಾಡಿದೆ. ಟ್ರ್ಯಾಶ್ ಕೂಡ ಖಾಲಿ ಮಾಡಿದೆ. ಎಂಥ ಅಚ್ಚುಕಟ್ಟು ನನ್ನದು!

ಫೋನ್ ವಾಪಸ್ ಕೊಟ್ಟ ಮೇಲೆ ಗೊತ್ತಾಯಿತು, ಉಕ್ರೇನಿನಲ್ಲಿ ಯುದ್ಧ ಶುರುವಾದ ವಾರ ಅವಳು ಊರು ಬಿಟ್ಟಾಗಿನ ವಿಡಿಯೋ ಅಂತೆ. ತಿರುಗಿ ನೋಡಲಾಗದೆ, ಕಾರಿನ ಹಿಂದಿನ ಗಾಜಿಗೆ ಫೋನ್ ಹಿಡಿದಿದ್ದಳಂತೆ. ಈಗ ಆ ಹಳ್ಳಿಯೇ ಇಲ್ಲ. ಇವತ್ತಿನವರೆಗೂ ಅದನ್ನು ನೋಡುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಎದುರಿಗೆ ಕೂತಳು. "ನೋಡಿದವಳು ನೀನೊಬ್ಬಳೇ ಎಸ್ತರ್. ಏನು ಕಂಡಿತು ಹೇಳು."

ಕೆಸರು ಹೊಂಡಗಳು, ಎಲೆಯಿಲ್ಲದ ಮರಗಳು, ಒಂದು ನೀಲಿ ಗೇಟು. ಬೂದು ಬಣ್ಣದ ನದಿ.

"ನದಿ ಯಾವ ಕಡೆ?"

ಗೊತ್ತಿಲ್ಲ.

"ನೀಲಿ ಗೇಟು ನಮ್ಮದು. ಅಪ್ಪ ಬರಲು ಒಪ್ಪಲಿಲ್ಲ. ಅಲ್ಲಿ ನಿಂತಿದ್ದರಾ?"

ನಿಂತಿದ್ದರು ಅಂದುಬಿಟ್ಟೆ.

"ಯಾವ ಕೋಟು?"

"ಕಪ್ಪು."

"ಅಪ್ಪನ ಹತ್ತಿರ ಕಪ್ಪು ಕೋಟೇ ಇರಲಿಲ್ಲ," ಅಂದವಳು ಮಾಸ್ಕ್ ಹಾಕಿಕೊಂಡು ಒಳಗೆ ಹೋದಳು, ಪೇಷಂಟ್ ಕಾಯುತ್ತಿದ್ದರು.

ಗೇಟು ಕಂಡ ಮೇಲೆ ನಾನು ಬೆರಳಿಟ್ಟು ಮುಂದಕ್ಕೆ ಓಡಿಸಿದ್ದೆ. ಅವರು ನಿಜವಾಗಿ ಅಲ್ಲಿ ನಿಂತಿದ್ದರೆ, ಕೈ ಬೀಸುತ್ತಿದ್ದರೆ, ಅದನ್ನು ನೋಡದೆಯೇ ಅಳಿಸಿದವಳು ನಾನು.