ಬಾಗಿಲಿನಿಂದ ಬರಬೇಡ, ಸೇಥ್ರೆ

ವೇಯಿ ನಗರ, ಹೆಂಚಿನವರ ಬೀದಿ
ಕೇಲಿ ತಿಂಗಳು, ದ್ರಾಕ್ಷಿ ಕೊಯ್ಲು ಮುಗಿದ ನಾಲ್ಕನೆಯ ದಿನ

ರೋಮ್‌ನಲ್ಲಿ ಹಾಯಾಗಿ ಕುಳಿತಿರುವ ನನ್ನ ಗಂಡ ಸೇಥ್ರೆಗೆ, ನಿನ್ನ ಹೆಂಡತಿ ರಾಮ್ತಾ ಬರೆಯುವುದು.

ನೀನು ಕ್ಷೇಮವೆಂದು ತಿಳಿಯಿತು. ನಾನೂ ಕ್ಷೇಮ. ಮೂರು ವರ್ಷದ ಮೇಲೆ ಬರೆಯುತ್ತಿರುವುದರಿಂದ ಬಟ್ಟೆಯ ಸುರುಳಿ ಉದ್ದವಾಗಿದೆ. ನಡುವೆ ಎದ್ದು ಹೋಗದೆ ಪೂರ್ತಿ ಓದು, ನಿನ್ನ ಅಭ್ಯಾಸ ನನಗೆ ಗೊತ್ತು.

ಉಪ್ಪಿನ ಗಾಡಿ ಹೊಡೆಯುವ ವೆಲ್ತೂರನ ಹತ್ತಿರ ನೀನು ಹೇಳಿ ಕಳಿಸಿದ ಮಾತು ತಲುಪಿತು. "ಜಗಳ ನಿಂತಿದೆಯಂತೆ, ಮನೆಗೆ ಬರ್ತೀನಿ, ಬಾಗಿಲು ತೆಗೆದಿಟ್ಟಿರು" ಎಂದೆಯಂತೆ. ಮೂರು ವರ್ಷಕ್ಕೆ ಇಷ್ಟೇ ಮಾತೇ, ಮಹರಾಯ! ಇರಲಿ, ಬಾ. ಆದರೆ ಬಾಗಿಲಿನಿಂದ ಬರಬೇಡ. ಯಾಕೆಂದರೆ ಊರಿನ ಲೆಕ್ಕದಲ್ಲಿ ನೀನು ಸತ್ತು ಎರಡು ವರ್ಷವಾಯಿತು.

ನಗಬೇಡ, ನಿಜವಾಗಿಯೂ ಹೇಳುತ್ತಿದ್ದೇನೆ. ಊರಾಚೆ ಬಂಡೆಯಲ್ಲಿ ಕೊರೆದ ನಿಮ್ಮ ಮನೆತನದ ಸಮಾಧಿಯಲ್ಲಿ, ನಿನ್ನಪ್ಪನ ಹೆಸರಿನ ಕೆಳಗೆ ನಿನ್ನ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಜೋಡಿಕೊಳಲು ಊದುವವರು ಇಬ್ಬರು ಬಂದಿದ್ದರು. ಕುಸ್ತಿ ಆಡಿಸಿದೆ. ಗೆದ್ದವನಿಗೆ ನಿನ್ನ ಕಂಚಿನ ಬೋಗುಣಿ ಕೊಟ್ಟೆ. ಹೌದು, ಅದೇ, ನೀನು ಯಾರನ್ನೂ ಮುಟ್ಟಗೊಡದಿದ್ದದ್ದು. ಹಂದಿ ಮಾಂಸ, ಬೇಯಿಸಿದ ಮೊಟ್ಟೆ, ಅಂಜೂರ, ಹಳೆಯ ದ್ರಾಕ್ಷಾರಸ. ಬೀದಿಯ ಗಂಡಹೆಂಡಿರೆಲ್ಲ ಜೋಡಿ ಜೋಡಿಯಾಗಿ ಮಂಚಗಳ ಮೇಲೆ ಒರಗಿ ನಿನ್ನ ಸಾವಿನ ಊಟ ಉಂಡರು. ನಾನು ನಮ್ಮ ಮಂಚದಲ್ಲಿ ನಿನ್ನ ಪಾಲಿನ ಜಾಗ ಬಿಟ್ಟು ಒರಗಿದ್ದೆ. ಎದುರುಮನೆಯ ಮುದುಕ ಕೈ ತೊಳೆಯುತ್ತಾ, "ಬದುಕಿದ್ದಾಗ ಸೇಥ್ರೆ ಹಿಂಗೊಂದು ಊಟ ಹಾಕ್ಲಿಲ್ಲ ಬಿಡವ್ವಾ" ಅಂದ. ಅಳುವ ಮುಖ ಹೊತ್ತಿದ್ದರೂ ನನಗೆ ನಗು ಬಂತು.

ಇದೆಲ್ಲ ಹೇಗಾಯಿತು ಎಂದು ಹೇಳುತ್ತೇನೆ. ನೀನು ಹೊರಟ ದಿನ ನಾವು ಆಡಿಕೊಂಡ ಮಾತು ನಿನಗೂ ನೆನಪಿರಬೇಕು. "ಹೋಗು, ಹೆಂಡ್ತೀನ ಮಣೆ ಮೇಲೆ ಕೂರಿಸಿ ತಾವು ಮಂಚದ ಮೇಲೆ ಬಿದ್ಕೊಂಡು ಉಣ್ಣೋ ಜನದ ಹತ್ರಾನೇ ಹೋಗು" ಎಂದು ನಾನಂದೆ. "ಅಲ್ಲಿ ಹೆಂಗಸ್ರು ಬಾಯಾದ್ರೂ ಮುಚ್ಕೊಂಡಿರ್ತಾರೆ" ಎಂದು ನೀನಂದೆ. ನೀನು ಆ ರೋಮ್‌ನವರ ದೇವಸ್ಥಾನದ ಮಾಡಿನ ಮೇಲೆ ನಿಲ್ಲಿಸುವ ಮಣ್ಣಿನ ದೇವರುಗಳನ್ನು ಮಾಡಲು ಹೋದೆ. ಮರುವರ್ಷವೇ ನದಿ ಕಡಲು ಸೇರುವ ಕಡೆಯ ಉಪ್ಪಿನ ಪಾತಿ ಯಾರದ್ದೆಂದು ಅವರಿಗೂ ನಮಗೂ ಹೊಡೆದಾಟ ಶುರುವಾಯಿತು. ಹಳ್ಳದ ದಂಡೆಯಲ್ಲಿ ನಮ್ಮ ಬೀದಿಯ ಹುಡುಗರೇ ಐದು ಮಂದಿ ಸತ್ತರು. ಆಗ ನಗರದ ಹಿರಿಯರು ಸೇರಿ, ರೋಮ್‌ನವರ ಕೆಲಸಕ್ಕೆ ಹೋದವರ ಮನೆಗಳನ್ನು ಕಿತ್ತುಕೊಂಡು, ಅವರ ಕಡೆಯವರನ್ನು ಊರಿನಿಂದ ಹೊರಗಟ್ಟಬೇಕೆಂದು ಗೊತ್ತುಮಾಡಿದರು. ಪಟ್ಟಿಯಲ್ಲಿ ನಿನ್ನ ಹೆಸರು ಮೂರನೆಯದು. ಶತ್ರುಗಳ ದೇವರಿಗೆ ಮೂಗು ತಿದ್ದುವವನೆಂದು ನಿನ್ನನ್ನು ಬಾವಿಯ ಹತ್ತಿರ ಆಡಿಕೊಳ್ಳುವುದನ್ನು ನಾನೇ ಕೇಳಿಸಿಕೊಂಡೆ.

ಅದೇ ವಾರ ಒಬ್ಬ ಕುರಿಗಾಹಿ ಸುದ್ದಿ ತಂದ. ರೋಮ್‌ನ ತಗ್ಗು ಕೇರಿಯಲ್ಲಿ ಜ್ವರ ಹಬ್ಬಿದೆ, ನಮ್ಮ ಕಡೆಯ ಕೆಲಸಗಾರರೆಲ್ಲ ಹೋದರು, ಸೇಥ್ರೆಯೂ ಹೋದ ಎಂದ. ನಾನೂ ನಿನ್ನಮ್ಮನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಗೋಳಾಡಿದೆವು. ಮೂರು ದಿನ ಒಲೆ ಹಚ್ಚಲಿಲ್ಲ. ಉಪ್ಪಿನ ಗಾಡಿಗೆ ಎರಡೂ ಕಡೆ ತಡೆಯಿಲ್ಲವಲ್ಲ, ನಾಲ್ಕನೆಯ ದಿನ ಬೆಳಿಗ್ಗೆ ವೆಲ್ತೂರ ಉಪ್ಪು ಇಳಿಸಲು ಬಂದವನು ನನ್ನ ಮುಖ ನೋಡಿ ಏನೆಂದು ಕೇಳಿದ. ಹೇಳಿದೆ. "ಯಾರು, ಸೇಥ್ರೆನಾ? ಮೊನ್ನೆ ತಾನೇ ನನ್ನ ಹತ್ರ ಉಪ್ಪಿಗೆ ಅರ್ಧ ತಾಸು ಚೌಕಾಸಿ ಮಾಡಿದ್ನಲ್ಲ!" ಎಂದು ಅಲ್ಲೇ ಮೂಟೆ ಕೆಳಗಿಟ್ಟ.

ಆ ಹೊತ್ತಿಗೆ ಊಟ ಮುಗಿದು ಹೋಗಿತ್ತು, ಏನೂ ಮಾಡುವ ಹಾಗಿರಲಿಲ್ಲ ಎಂದು ಬರೆಯೋಣವೆಂದುಕೊಂಡಿದ್ದೆ. ನಿನ್ನೆ ಹಾಗೇ ಬರೆದೂ ಇದ್ದೆ, ಇವತ್ತು ಅಳಿಸಿದೆ. ಸುಳ್ಳು ಅದು. ಊಟಕ್ಕೆ ಇನ್ನೂ ಆರು ದಿನವಿತ್ತು. ಹಂದಿ ದೊಡ್ಡಿಯಲ್ಲೇ ಇತ್ತು. ನೀನು ಬದುಕಿದ್ದೀಯೆಂದು ಗೊತ್ತಿದ್ದೇ ನಿನ್ನ ಉತ್ತರಕ್ರಿಯೆ ಮಾಡಿದೆ. ಸತ್ತವನ ಮನೆಗೆ ಹಿರಿಯರು ಕೈ ಹಾಕುವುದಿಲ್ಲವಲ್ಲ. ಅವರೇ ಊಟಕ್ಕೆ ಬಂದು, ಉಂಡು, ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕಿದರು. ಮನೆ ಉಳಿಯಿತು, ನೀನು ಹೆಂಚು ಸುಡುವ ಆವಿಗೆ ಉಳಿಯಿತು. ಸ್ವಲ್ಪ ಸಿಟ್ಟೂ ಇತ್ತು ಅನ್ನು. ನೀನು ಬದುಕಿದ್ದೀಯೆಂದು ಕೇಳಿ ಮೊದಲು ಜೀವ ಬಂದ ಹಾಗಾಯಿತು. ನಾನಿಲ್ಲಿ ಅನ್ನನೀರು ಬಿಟ್ಟು ಕೂತಿದ್ದಾಗ ನೀನಲ್ಲಿ ಉಪ್ಪಿಗೆ ಚೌಕಾಸಿ ಮಾಡುತ್ತಿದ್ದೆಯಲ್ಲ ಎಂದು ಆಮೇಲೆ ಮೈಯೆಲ್ಲ ಉರಿಯಿತು.

ಈಗ ಬರುವ ದಾರಿ. ಬಲಿಕೊಟ್ಟ ಕುರಿಯ ಹೊಟ್ಟೆಯಿಂದ ತೆಗೆದ ಈಲಿ ನೋಡಿ ಶಕುನ ಹೇಳುವ ನಮ್ಮ ಪುರೋಹಿತರ ಹತ್ತಿರ ಹೋಗಿದ್ದೆ. ನಿನ್ನ ಹೆಸರೆತ್ತದೆ, ಬೇರೆ ಊರಿನ ಯಾರದೋ ಕಥೆ ಎಂಬಂತೆ ಕೇಳಿದೆ. ಅವರು ಈಲಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸಾವಿನ ಊಟ ಉಂಡಾದ ಮೇಲೆ ಬಂದೋನು ಹೊಸ್ತಿಲು ದಾಟೋ ಹಾಗಿಲ್ಲ ತಾಯೀ. ಹೆಂಚು ತೆಗೆದು ಮಾಡಿನಿಂದ ಒಳಗಿಳೀಬೇಕು. ಕೂಸಿನ ಹಾಗೆ ಮೈ ತೊಳೆದು, ಬಟ್ಟೇಲಿ ಸುತ್ತಿ, ಹೊಸದಾಗಿ ಹೆಸರಿಡಬೇಕು. ಆಗ ಅವನು ಹೊಸ ಮನುಷ್ಯ, ಹಳೇ ತಪ್ಪು ಯಾವುದೂ ಅವನಿಗೆ ಅಂಟಲ್ಲ" ಎಂದರು. ನಾನು ಎದ್ದು ಹೊರಟಾಗ ತಲೆಯೆತ್ತದೆ, "ಹೆಂಚು ಅವನೇ ತೆಗೀಲಿ. ಅವನು ಕೂರಿಸಿದ ಹೆಂಚು ಬೇರೆಯೋರ ಕೈಗೆ ಬರಲ್ಲ" ಎಂದು ಸೇರಿಸಿದರು. ಮುದುಕರಿಗೆ ಎಲ್ಲ ತಿಳಿದಿದೆ.

ಆದ್ದರಿಂದ ಹಿತ್ತಿಲ ಕಡೆಯಿಂದ ಬಾ. ಹಗಲಲ್ಲೇ ಬಾ. ಇಡೀ ಬೀದಿ ನೋಡಬೇಕು, ಹಿರಿಯರೂ ನೋಡಬೇಕು. ಖಂಡಿತ ನಗುತ್ತಾರೆ. ನಿನಗೆ ಯಾರಾದರೂ ನಕ್ಕರೆ ಆಗುವುದಿಲ್ಲವೆಂದು ಗೊತ್ತು, ಆದರೆ ಈ ಒಂದು ಸಲ ನುಂಗಿಕೊ. ಹಟ ಹಿಡಿದು ಬಾಗಿಲಿನಿಂದಲೇ ನುಗ್ಗಿದರೆ ನೀನು ಹಳೆಯ ಸೇಥ್ರೆಯೇ, ಪಟ್ಟಿಯೂ ಹಳೆಯದೇ, ಸಂಜೆಯೊಳಗೆ ಇಬ್ಬರೂ ಬೀದಿಯಲ್ಲಿರುತ್ತೇವೆ. ಹೊಡೆದಾಟ ನಿಲ್ಲಿಸಿದ ಒಪ್ಪಂದ ಇರುವುದು ನಲವತ್ತು ದಿನ ಮಾತ್ರ. ಅದು ಮುಗಿದರೆ ಹೆಬ್ಬಾಗಿಲು ಮುಚ್ಚುತ್ತಾರೆ, ಮತ್ತೆ ಯಾವಾಗ ತೆರೆಯುತ್ತಾರೋ ಆ ದೇವರಿಗೇ ಗೊತ್ತು.

ಇನ್ನೊಂದು ವಿಷಯವಿದೆ. ಅದನ್ನು ಬರೆಯಲು ಕೈ ಬಾರದೆ ಇಷ್ಟು ಹೊತ್ತು ಬೇರೆಲ್ಲ ಬರೆದೆ.

ನೀನು ಬದುಕಿರುವುದನ್ನು ನಿನ್ನಮ್ಮನಿಗೆ ಹೇಳಲಿಲ್ಲ. ಅವರ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ, ನಿನಗೇ ಗೊತ್ತಲ್ಲ. ಖುಷಿಗೆ ಬೀದಿಗೆಲ್ಲ ಸಾರಿಬಿಡುತ್ತಿದ್ದರು, ಮರುದಿನ ನಮ್ಮನ್ನು ಹೊರಗೆ ಹಾಕುತ್ತಿದ್ದರು. ಗಲಾಟೆ ನಿಂತ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅವರು ಪ್ರತಿದಿನ ಸಮಾಧಿಯವರೆಗೆ ನಡೆದು ಹೋಗಿ ಅಂಜೂರವೋ ರೊಟ್ಟಿಯ ತುಂಡೋ ಇಟ್ಟು ಬರುತ್ತಿದ್ದರು. ಒಂದು ದಿನ ಬಂದವರೇ, "ಮಗ ಕನಸಲ್ಲೂ ಬರಲ್ಲ ಕಣೇ ರಾಮ್ತಾ, ಸತ್ತೋರು ಬರಬೇಕಲ್ಲ?" ಎಂದು ಕೇಳಿದರು. ನಾನು ಮರುದಿನ ಇಡಲು ಎರಡು ಅಂಜೂರ ತೆಗೆದು ಅವರ ಕೈಗೆ ಕೊಟ್ಟೆ. ಹೋದ ಚಳಿಗಾಲ ಕೆಮ್ಮು ಹಿಡಿಯಿತು. ಕೊನೆಯ ದಿನ ಕಿವಿಯ ಹತ್ತಿರ ಬಗ್ಗಿ, "ಅಮ್ಮಾ, ಅವನು ಇದ್ದಾನೆ, ಚೆನ್ನಾಗಿದ್ದಾನೆ" ಎಂದೆ. ಆಗ ಅವರಿಗೆ ಪ್ರಜ್ಞೆ ಇರಲಿಲ್ಲ. ಒಂದು ದಿನ ಮೊದಲು ಹೇಳಿದ್ದರೆ ಕೇಳಿಸುತ್ತಿತ್ತು. ಮಗ ಸತ್ತನೆಂದೇ ತಿಳಿದು ಹೋದರು, ಸೇಥ್ರೆ. ಅದು ನಾನು ಮಾಡಿದ್ದು.

ಮನೆ ಉಳಿಸಲು ಮಾಡಿದೆ ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ ಅದು ನನಗೇ ಒಪ್ಪಿಗೆಯಾಗುವುದಿಲ್ಲ. ನೀನು ಇಳಿದು ಬಂದ ಮೇಲೆ ಹೇಳಬಹುದಿತ್ತು. ಆದರೆ ಬೀದಿಯವರ ಮುಂದೆ ನಗೆಪಾಟಲಾಗಿ, ಬಟ್ಟೆ ಸುತ್ತಿಸಿಕೊಂಡು, ಆಮೇಲೆ ಇದನ್ನು ಕೇಳುವ ಹಾಗೆ ಆಗಬಾರದು. ತಿಳಿದುಕೊಂಡೇ ಬಾ. ಬರಲು ಮನಸ್ಸಾಗದಿದ್ದರೆ ಬರಬೇಡ. ನಾನು ನಿನ್ನನ್ನು ಬೈಯುವುದಿಲ್ಲ, ನನಗೆ ಆ ಬಾಯಿಲ್ಲ ಈಗ.

ಬಂದರೆ ಮಾತ್ರ ತುಂಬ ಸಂತೋಷ. ಅದನ್ನು ಬಿಡಿಸಿ ಹೇಳುವುದು ನನಗೆ ಯಾವಾಗಲೂ ಬರಲಿಲ್ಲ, ಬರೆಯುವುದಕ್ಕಾದರೂ ಬಂತು.

ಇಂತಿ, ನಿನ್ನ ವಿಧವೆಯೂ ಹೆಂಡತಿಯೂ ಆದ
ರಾಮ್ತಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಇದನ್ನು ನಿನಗೆ ತಂದುಕೊಟ್ಟ ವೆಲ್ತೂರ ನನ್ನನ್ನು ಮದುವೆಯಾಗುತ್ತೀಯಾ ಎಂದು ಎರಡು ಸಲ ಕೇಳಿದ್ದಾನೆ. ಒಳ್ಳೆಯವನು. ಇಷ್ಟು ದಿನ ನಮ್ಮ ಗುಟ್ಟನ್ನು ಒಬ್ಬರಿಗೂ ಬಿಟ್ಟುಕೊಡಲಿಲ್ಲ. "ಸೇಥ್ರೆ ಬರಲ್ಲ ಅಂತ ಹೇಳಿದ ದಿನ ಕೇಳು, ಹೂಂ ಅಂತೀನಿ" ಎಂದಿದ್ದೇನೆ. ಅವನಿಗೆ ಪತ್ರ ಪೂರ್ತಿ ಓದಿ ಹೇಳಿದೆ, ಬೇರೆಯವರ ಕೈಲಿ ಕಳಿಸೋಣವೇ ಎಂದೂ ಕೇಳಿದೆ. "ಬೇಡ, ನಾನೇ ಕೊಡ್ತೀನಿ" ಎಂದ. ದಾರಿಯಲ್ಲಿ ಅವನು ತೈಬರ್ ನದಿ ದಾಟಬೇಕಿತ್ತು, ಅಲ್ಲಿ ಈ ಸುರುಳಿ ಹಿಡಿದ ಕೈ ಸಡಿಲ ಬಿಟ್ಟಿದ್ದರೆ ನಿನಗಾಗಲಿ ನನಗಾಗಲಿ ಗೊತ್ತಾಗುತ್ತಲೇ ಇರಲಿಲ್ಲ. ನೀನು ಇದನ್ನು ಓದುತ್ತಿದ್ದೀಯಲ್ಲ. ಮೊದಲು ಅವನಿಗೆ ಊಟ ಹಾಕು, ಆಮೇಲೆ ಉತ್ತರ ಹೇಳು.