ವಿಭೂತಿ ಡಬ್ಬಿಯ ಮೂಗಿನ ಔಷಧಿ

ಉಮಾಶಂಕರಾ,

ವಿಭೂತಿ ಡಬ್ಬಿಯಲ್ಲಿ ನೀನು ಬಚ್ಚಿಟ್ಟಿದ್ದ ಮೂಗಿನ ಸ್ಪ್ರೇ ನನ್ನ ಹತ್ತಿರ ಇದೆ, ಹುಡುಕಬೇಡ ಕಣ್ಲಾ. ಡಾಕ್ಟರು ಮೂರು ದಿನಕ್ಕೆ ಬರೆದುಕೊಟ್ಟದ್ದನ್ನು ಮೂರು ತಿಂಗಳು ಹೊಡೆದುಕೊಂಡೆ. ಮೂಗು ಇನ್ನೂ ಕಟ್ಟುತ್ತಿರುವುದೇ ಅದರಿಂದ ಅಂತ ಅವರೇ ಬೈದರು. ಉಪ್ಪುನೀರು ಕುದಿಸಿ ಆರಿಸಿಟ್ಟಿದ್ದೇನೆ, ಅದರಲ್ಲಿ ಮೂಗು ತೊಳೆದುಕೋ. ಒಲೆ ಮೇಲೆ ಹುರುಳಿ ಬೇಯುತ್ತಿದೆ. ಸೀದರೂ ನಿನಗೆ ವಾಸನೆ ಬರಲ್ಲ, ಎದುರಿಗೇ ಕೂತಿರು.

ನಿನ್ನೆ ಸ್ಕೂಲಿನ ದಾರಿಯಲ್ಲಿ ಮಗಳು "ಅಪ್ಪಾ, ಆನೆ ವಾಸ್ನೆ ಬತ್ತಾದೆ" ಅಂದಳಂತೆ. ನೀನು "ಏನೂ ಇಲ್ಲ ಕಣವ್ವ, ನಡಿ" ಅಂದೆಯಂತೆ. ಅವಳು ಅಂಗಿ ಹಿಡಿದು ಹಿಂದಕ್ಕೆ ಎಳೆಯದಿದ್ದರೆ, ಪೊದೆಯಿಂದ ಹೊರಬಂದ ಆನೆಯ ಕಾಲಡಿಗೆ ಇಬ್ಬರೂ ಸಿಕ್ಕುತ್ತಿದ್ದಿರಿ.

ಇನ್ನು ಸ್ಕೂಲಿಗೆ ನಾನೇ ಕರಕೊಂಡು ಹೋಗುತ್ತೇನೆ. ನಾನು ಹೇಳಿದ್ದಲ್ಲ, ಅವಳೇ ಕೇಳಿದಳು.

ಅಕ್ಕ